ಕದ್ದು ತಂದ ಕಡ್ಡಿ

ಮೇಜನ್ನು ಹೇಗೆ ತಿರುಗಿಸಿಟ್ಟರೂ ಫಿಲೊಡೆಂಡ್ರಾನ್ ಗಿಡ ಅಡ್ಡ ಬರುತ್ತಿತ್ತು. ಉದ್ದಕ್ಕೆ ಹಾಕಿದರೆ ಅದರ ಎಲೆಗಳು ಕುರ್ಚಿಯಲ್ಲಿ ಕೂರುವವರ ಕಿವಿಗೆ ತಾಗುತ್ತಿದ್ದವು. ಅಡ್ಡಕ್ಕೆ ಹಾಕಿದರೆ ಅಡುಗೆಮನೆಯ ದಾರಿಯೇ ಮುಚ್ಚಿಹೋಗುತ್ತಿತ್ತು. ಊಟದ ತಟ್ಟೆಯಷ್ಟು ಅಗಲದ, ಯಾರೋ ಕತ್ತರಿ ಆಡಿಸಿ ಬಿಟ್ಟಂಥ ಸೀಳೆಲೆಗಳ ಆ ಗಿಡ, ಮನೆಯ ಹಿರಿಯರೊಬ್ಬರು ಜಾಗ ಹಿಡಿದು ಕೂತ ಹಾಗೆ ಮೂಲೆಯಲ್ಲಿ ಕೂತಿತ್ತು. ಬಿಲ್ಯಾನಾ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಗಿಡವನ್ನು, ಒಮ್ಮೆ ಗಡಿಯಾರವನ್ನು ನೋಡಿದಳು.

ಅವತ್ತು ಡಿಸೆಂಬರಿನ ಸಂತ ನಿಕೋಲಾನ ದಿನ. ಗಂಡ ರಾದೊವಾನನ ಮನೆದೇವರ ಹಬ್ಬ. ಮನೆದೇವರ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಬರಬೇಕಾದವರು ತಾವಾಗಿ ಬರುತ್ತಾರೆ. ಈ ಸಲ ಇನ್ನೂ ಹೆಚ್ಚು ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹೊಸ ಹೆಂಡತಿಯಾಗಿ ಸೆಪ್ಟೆಂಬರಿನಲ್ಲಿ ಈ ಮನೆಗೆ ಬಂದವಳು ಅವಳು. ಗಂಡನ ಅಣ್ಣಂದಿರು, ಅತ್ತಿಗೆಯರು, ಅವರ ಬೀಗರು ಎಲ್ಲ ಬರುವುದು ಹಬ್ಬದ ಮೀನು ತಿನ್ನುವುದಕ್ಕಲ್ಲ, ತನ್ನನ್ನು ತೂಗಿ ನೋಡುವುದಕ್ಕೆ ಎಂದು ಅವಳು ಒಂದು ವಾರದಿಂದ ಅಂದುಕೊಳ್ಳುತ್ತಿದ್ದಳು.

ಗಿಡ ಅವಳದ್ದಲ್ಲ. ರಾದೊವಾನನ ಮೊದಲ ಹೆಂಡತಿ ನೆವೆನ್ಕಾ ಬೆಳೆಸಿದ್ದು. ನೆವೆನ್ಕಾ ತೀರಿಕೊಂಡು ಇದು ಮೂರನೆಯ ಚಳಿಗಾಲ. ಅಂದಿನಿಂದ ಅದನ್ನು ನೋಡಿಕೊಳ್ಳುತ್ತಿದ್ದವಳು ಮಗಳು ಡುನ್ಯಾ; ಈಗ ಹನ್ನೆರಡು ವರ್ಷ. ಭಾನುವಾರ ಬಂತೆಂದರೆ, ಎಲೆ ಹೊಳೆಯಲೆಂದು ಹತ್ತಿಯನ್ನು ಬಿಯರಿನಲ್ಲಿ ಅದ್ದಿ, ಅಮ್ಮ ಹೇಳಿಕೊಟ್ಟ ಹಾಗೆ, ಒಂದೊಂದೇ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಒರೆಸುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಬಿಲ್ಯಾನಾ ಈ ಮನೆಗೆ ಬಂದ ದಿನವೇ ಹುಡುಗಿ ಹೇಳಿಬಿಟ್ಟಿದ್ದಳು: "ಪರದೆ ಬದಲಾಯಿಸ್ಕೊಳ್ಳಿ, ಪಾತ್ರೆ ಬದಲಾಯಿಸ್ಕೊಳ್ಳಿ, ನಂಗೇನಿಲ್ಲ. ಇದನ್ನ ಮಾತ್ರ ನಾನು ನೋಡ್ಕೊತೀನಿ." ಒರಟಾಗೇನೂ ಹೇಳಲಿಲ್ಲ. ಆದರೂ ಅಂದಿನಿಂದ ಬಿಲ್ಯಾನಾ ಆ ಮೂಲೆಯನ್ನು ದಾಟುವಾಗ ಲಂಗದ ಅಂಚನ್ನು ಒತ್ತಿ ಹಿಡಿದೇ ದಾಟುತ್ತಿದ್ದಳು.

ಅಪ್ಪ ಮಗಳು ಹಬ್ಬದ ರೊಟ್ಟಿಗೆ ಪಾದ್ರಿಯ ಆಶೀರ್ವಾದ ಮಾಡಿಸಲು ಚರ್ಚಿಗೆ ಹೋಗಿದ್ದರು. ಕೇಳೋಣವೆಂದರೆ ಇಲ್ಲ. ಕಾಯೋಣವೆಂದರೆ ಮೇಜು ಹಾಕಬೇಕು, ಬಟ್ಟೆ ಹಾಸಬೇಕು, ಒಲೆಯಲ್ಲಿ ಬೀನ್ಸ್ ಕಾಳು ಬೇಯುತ್ತಿದೆ. ಕೊನೆಗೆ ಅವಳು ಕುಂಡವನ್ನು ಕಾಲೊರಸಿನ ಮೇಲೆ ಹತ್ತಿಸಿ, ಮೆಲ್ಲಗೆ ಎಳೆದುಕೊಂಡು ಹೋಗಿ, ಬಾಗಿಲಾಚೆ ಮೆಟ್ಟಿಲ ಪಕ್ಕದ ಜಾಗದಲ್ಲಿ ಇಟ್ಟಳು. ತನ್ನ ತಾಯಿ ಹೆಣೆದ ಉಣ್ಣೆಯ ಕಂಬಳಿಯನ್ನು ಅದಕ್ಕೆ ಹೊದಿಸಿದಳು. ಮೆಟ್ಟಿಲ ಕಿಟಕಿ ಮುಚ್ಚಿದೆಯೇ ಎಂದು ನೋಡಿದಳು. ಒಳಗೆ ಬಂದವಳು ಮತ್ತೆ ಹೋಗಿ ಇನ್ನೊಮ್ಮೆ ನೋಡಿದಳು. ಮುಚ್ಚಿತ್ತು.

ಡುನ್ಯಾ ಕೋಟು ಕಳಚುವ ಮೊದಲೇ ಮೂಲೆಯನ್ನು ನೋಡಿದಳು.

"ಹೊರಗಡೆ ಇದೆ ಕಣೇ, ಕಂಬಳಿ ಹೊದಿಸಿದೀನಿ," ಎಂದು ಬಿಲ್ಯಾನಾ ಅವಸರವಾಗಿ ಹೇಳಿದಳು. "ಜನ ಹೋದ ತಕ್ಷಣ ಒಳಗೆ ತರ್ತೀನಿ."

"ಅಮ್ಮ ಮೇಜನ್ನ ಓರೆ ಹಾಕ್ತಿದ್ಲು. ಮೂಲೆಯಿಂದ ಮೂಲೆಗೆ."

ಓರೆ! ಅಷ್ಟು ಸುಲಭದ ಉಪಾಯ ತನಗೇಕೆ ಹೊಳೆಯಲಿಲ್ಲ ಎಂದು ಬಿಲ್ಯಾನಾಳ ಮುಖ ಬಿಸಿಯಾಯಿತು. ಅಷ್ಟರಲ್ಲಿ ಕೆಳಗೆ ಕಾರುಗಳ ಬಾಗಿಲು ಬಡಿಯುವ ಸದ್ದು ಕೇಳಿಸಿತು.

"ಇವತ್ತೇ ಒಳಗೆ ತರ್ತೀರಲ್ಲ?" ಎಂದಳು ಹುಡುಗಿ.

"ಮಾತು ಕೊಟ್ಟೆ," ಎಂದಳು ಬಿಲ್ಯಾನಾ.

ಹಬ್ಬ ಚೆನ್ನಾಗಿಯೇ ಆಯಿತು. ಮೇಣದ ಬತ್ತಿ ನೆಟ್ಟಗೆ ಉರಿಯಿತು, ರೊಟ್ಟಿ ಸೀಳು ಬಿಟ್ಟಿರಲಿಲ್ಲ. ಹಿರಿಯ ಅತ್ತಿಗೆ ಕಾಳಿನ ರುಚಿ ನೋಡಿ, "ಚೆನ್ನಾಗಿದೆ ಕಣಮ್ಮ. ನೆವೆನ್ಕಾ ಇಷ್ಟೊಂದು ಮೆಣಸಿನ ಪುಡಿ ಹಾಕ್ತಿರ್ಲಿಲ್ಲ ಅನ್ನು. ಆದ್ರೂ ಚೆನ್ನಾಗಿದೆ," ಎಂದು ಎರಡನೇ ಸಲ ಬಡಿಸಿಕೊಂಡಳು. ಮನೆಯಲ್ಲಿ ಮಗುವಿದೆ ಎಂದು ಗಂಡಸರು ಸಿಗರೇಟು ಸೇದಲು ಮೆಟ್ಟಿಲ ಬಳಿಗೆ ಹೋದರು. ಹೊಗೆ ಹೋಗಲಿ ಎಂದು ಕಿಟಕಿ ತೆರೆದರು. ತೆರೆದವರು ಯಾರೋ, ಮುಚ್ಚಬೇಕಾಗಿದ್ದವರು ಯಾರೋ. ಒಬ್ಬರು ಹೊರಟರೆ ಇಬ್ಬರು ಬರುತ್ತಿದ್ದರು. ಡುನ್ಯಾ ಅತಿಥಿಗಳ ಕೋಟುಗಳ ರಾಶಿಯ ಮೇಲೆ ಮಲಗಿ ನಿದ್ದೆ ಹೋದಳು. ಕೊನೆಯ ಪಾತ್ರೆ ತೊಳೆದಿಟ್ಟು, ಒಂದು ನಿಮಿಷ ಕೂತು ಆಮೇಲೆ ಗಿಡ ಒಳಗೆ ತರೋಣ ಎಂದುಕೊಂಡು ಬಿಲ್ಯಾನಾ ಸೋಫಾದ ಮೇಲೆ ಕೂತಳು.

ಎಚ್ಚರವಾದಾಗ ಬೆಳಕು ಹರಿದಿತ್ತು. ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು. ಮನೆಯ ಬಾಗಿಲು ತೆರೆದಿತ್ತು.

ಹೊರಗೆ ಡುನ್ಯಾ ನಿಂತಿದ್ದಳು, ಬರಿಗಾಲಲ್ಲಿ. ಮೆಟ್ಟಿಲ ಕಿಟಕಿ ಹಾರುಹೊಡೆದಿತ್ತು, ಕಟ್ಟೆಯ ಮೇಲೆ ಹಿಮದ ಪುಡಿ ಬಿದ್ದಿತ್ತು. ಕಂಬಳಿ ಜಾರಿ ನೆಲದ ಮೇಲಿತ್ತು. ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪು ಹಸಿರಾಗಿ, ಗಾಜಿನ ಹೊಳಪು ಬಂದು, ದಂಟಿಗೆ ಅಂಟಿಕೊಂಡು ಜೋತುಬಿದ್ದಿದ್ದವು.

ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. ಬಿಲ್ಯಾನಾ ಕುಂಡಕ್ಕೆ ಕೈಹಚ್ಚಲು ಹೋದಾಗ, "ಬೇಡ, ನಾನೇ ತರ್ತೀನಿ," ಎಂದಳು. ಒಳಗೆ ಎಳೆದು ತಂದು ಮೂಲೆಯಲ್ಲಿಟ್ಟ ಮೇಲೆ ಒಂದೇ ಮಾತು: "ಮಾತು ಕೊಟ್ಟಿದ್ರಿ."

ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಬಿಲ್ಯಾನಾಗೆ ಆಮೇಲೆ ಎಷ್ಟು ಸಲ ಅನಿಸಿತೋ. ಡುನ್ಯಾ ಊಟಕ್ಕೆ ಬರುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಕೇಳಿದ್ದಕ್ಕೆ ಹೌದು ಇಲ್ಲ ಎನ್ನುತ್ತಿದ್ದಳು. ಬಾಡಿಗೆಗೆ ಇರುವವರು ಮನೆ ಯಜಮಾನಿಯ ಜೊತೆ ಇರುವ ಹಾಗಿತ್ತು. ಗಿಡ ದಿನಕ್ಕಿಷ್ಟು ಮೇಲಿನಿಂದ ಕೊಳೆಯುತ್ತ ಬಂತು. ಬಿಲ್ಯಾನಾ ಕೊಳೆತಷ್ಟನ್ನು ಕತ್ತರಿಸಿದಳು, ಮತ್ತೆ ಕೊಳೆಯಿತು, ಮತ್ತೆ ಕತ್ತರಿಸಿದಳು. ಕೊನೆಗೆ ಮಣ್ಣಿನ ಮಟ್ಟದಲ್ಲಿ ಬೆರಳಿಟ್ಟರೆ ದಂಟು ಬೆಂದ ಆಲೂಗಡ್ಡೆಯ ಹಾಗೆ ಒಳಕ್ಕೆ ಹೋಯಿತು.

ರಾದೊವಾನ್ ಒಳ್ಳೆಯ ಮನುಷ್ಯ, ಊರ ಬಸ್ಸಿನ ಚಾಲಕ. ಮನೆಯ ಮೌನ ಅವನಿಗೆ ಸಹಿಸಲಾಗಲಿಲ್ಲ. ಒಂದು ಸಂಜೆ ಸೂಪರ್ ಮಾರ್ಕೆಟ್ಟಿನಿಂದ ಹೊಸ ಗಿಡ ತಂದ. ಅದೇ ಜಾತಿ, ಅದೇ ಸೀಳೆಲೆ. ಸುತ್ತ ಪಾರದರ್ಶಕ ಕಾಗದ, ಮೇಲೆ ಕೆಂಪು ರಿಬ್ಬನ್ನು.

ಡುನ್ಯಾ ಅದನ್ನು ನೋಡಿದಳು. "ಅಪ್ಪಾ, ಹೋಗಿದ್ದರ ಬದ್ಲು ಹೊಸದು ತಂದಿಡೋದು ನಿಂಗೆ ಅಭ್ಯಾಸ ಆಗಿಬಿಟ್ಟಿದೆ ಅಲ್ವಾ?"

ಬಿಲ್ಯಾನಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯಲು ಏನೂ ಇರಲಿಲ್ಲ. ಹುಡುಗಿ ಹೇಳಿದ್ದು ಸುಳ್ಳೇನೂ ಅಲ್ಲವಲ್ಲ ಎನ್ನುವುದೇ ಅವಳಿಗೆ ಹೆಚ್ಚು ಚುಚ್ಚಿತು. ಈ ಗಿಡ ಸತ್ತೇಹೋದರೆ ತಾನು ಈ ಮನೆಯಲ್ಲಿ ರಿಬ್ಬನ್ನು ಕಟ್ಟಿ ತಂದಿಟ್ಟ ವಸ್ತುವಾಗಿಯೇ ಉಳಿಯುತ್ತೇನೆ ಎನಿಸಿತು. ಮರುದಿನ ರಾದೊವಾನ್ ತೆಪ್ಪಗೆ ಆ ಹೊಸ ಗಿಡವನ್ನು ಡಿಪೋಗೆ ಒಯ್ದು ಬಿಟ್ಟುಬಂದ.

ಬಿಲ್ಯಾನಾ ಬಟ್ಟೆ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ, ಅವರ ಊರಾದ ಕಿಕಿಂದಾದ ಚೌಕದಲ್ಲಿ ಚಳಿಗಾಲದ ಗೂಬೆಗಳು ಎಂದಿನಂತೆ ಮರಗಳ ತುಂಬ ತೂಕಡಿಸುತ್ತ ಕೂತಿದ್ದವು. ಅವುಗಳ ಹಿಕ್ಕೆ ತಲೆಯ ಮೇಲೆ ಬೀಳದ ಹಾಗೆ ರಸ್ತೆಯ ಅಂಚಿಗೆ ಸರಿದು ನಡೆದವಳು, ಯಾಕೋ ತಮ್ಮ ಕಟ್ಟಡದ ಕಡೆ ಕತ್ತೆತ್ತಿ ನೋಡಿದಳು. ಎರಡನೇ ಮಹಡಿಯ ಕಿಟಕಿಯ ಗಾಜಿಗೆ ಒತ್ತಿಕೊಂಡು ದೊಡ್ಡ ಸೀಳೆಲೆಯೊಂದು ಕಾಣಿಸಿತು.

ಅದು ಕೋವಿಲ್ಕಾಳ ಮನೆ. ನೆವೆನ್ಕಾಳ ಜೀವದ ಗೆಳತಿ ಅವಳು. ಒಂಟಿ ಹೆಂಗಸು, ನಾಲಿಗೆ ಆಲೂಗಡ್ಡೆ ಸುಲಿಯುವ ಚಾಕುವಿನಂತಹುದು. ಮದುವೆಯಾದಾಗಿನಿಂದ ಬಿಲ್ಯಾನಾ ಎದುರಾದರೆ ಗದ್ದ ಮಾತ್ರ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದಳು. ಬಿಲ್ಯಾನಾ ಅವಳ ಬಾಗಿಲ ಮುಂದೆ ನಿಂತು ಬೆಲ್ಲಿಗೆ ಬೆರಳು ಒಯ್ದಳು, ಹಿಂದೆ ತೆಗೆದಳು, ಮತ್ತೆ ಒಯ್ದು ಒತ್ತಿದಳು.

"ಓಹೋ, ಯಾರಿದು!" ಎಂದಳು ಕೋವಿಲ್ಕಾ. "ಗಿಡವನ್ನ ಹಬ್ಬದ ದಿನ ಮೆಟ್ಟಿಲ ಮೇಲೆ ಕೂರಿಸಿದ್ಯಂತೆ? ಮುಂದಿನ ವರ್ಷ ನೆಂಟರು ಜಾಸ್ತಿ ಬಂದ್ರೆ ಗಂಡನ್ನೂ ಅಲ್ಲೇ ಕೂರಿಸ್ತೀಯಾ?"

"ತಪ್ಪಾಯ್ತು ಕೋವಿಲ್ಕಾ ಅವ್ರೇ. ಅದಕ್ಕೇ ಬಂದೆ. ನೆಡೋಕೆ ನಿಮ್ಮ ಗಿಡದ್ದು ಒಂದು ಕಡ್ಡಿ ಕೊಡ್ತೀರಾ?"

"ಕೊಡಲ್ಲ."

ಬಿಲ್ಯಾನಾಗೆ ಕಣ್ಣು ತುಂಬಿ ಬಂತು. "ಸರಿ," ಎಂದು ತಿರುಗಿದಳು.

"ಎಲ್ಲಿಗೆ? ಬಾ, ಕೂತ್ಕೊ. ಕಾಫಿ ಇಡ್ತೀನಿ. ನನ್ನ ಕಾಫಿ ನಿಧಾನ, ಮೊದ್ಲೇ ಹೇಳ್ತೀನಿ. ಒಲೆ ಮುಂದೆ ನಿಂತ್ರೆ ಹಿಂದಗಡೆ ಏನಾದ್ರೂ ನಂಗೆ ಗೊತ್ತಾಗಲ್ಲ. ಕತ್ತರಿ ಎಲ್ಲೋ ಕಿಟಕಿ ಹತ್ರ ಬಿದ್ದಿದೆ, ಎತ್ತಿಡೋಣ ಅಂದ್ಕೊಂಡೆ, ಮರೆತೇಹೋಯ್ತು." ಹಾಗೆಂದು ಅವಳು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬಿಲ್ಯಾನಾ ಕೂತಳು. ಬೇಡಿ ತಂದ ಗಿಡ ಬೇರು ಬಿಡುವುದಿಲ್ಲ, ಕದ್ದು ತಂದದ್ದು ಬಿಡುತ್ತದೆ ಎಂದು ಅವಳ ಅಜ್ಜಿಯೂ ಹೇಳುತ್ತಿದ್ದಳು. ಗೊತ್ತಿಲ್ಲದ ಮಾತೇನಲ್ಲ. ಆದರೆ ಇದು ಅದೇ ಅಂತ ಹೇಗೆ ಹೇಳುವುದು? ಕೊಡಲ್ಲ ಎಂದದ್ದು ನಿಜವಾಗಿಯೂ ಕೊಡಲ್ಲ ಎಂದೇ ಆಗಿದ್ದರೆ? ಗಿರಾಕಿಯ ಜೇಬಿನಲ್ಲಿ ಒಂದು ಗುಂಡಿ ಸಿಕ್ಕರೂ ಕಾಗದದಲ್ಲಿ ಸುತ್ತಿ ಪಿನ್ನು ಹಾಕಿ ಹಿಂದಿರುಗಿಸುವವಳು ಅವಳು. ಒಳಗೆ ಕೋವಿಲ್ಕಾ ಬೇಕೆಂದೇ ಪಾತ್ರೆಗಳನ್ನು ಬಡಿಯುತ್ತಿದ್ದಳು, ಗಟ್ಟಿಯಾಗಿ ಹಾಡುತ್ತಿದ್ದಳು, ಕೆಮ್ಮುತ್ತಿದ್ದಳು. ಬಿಲ್ಯಾನಾ ತೊಡೆಯ ಮೇಲೆ ಕೈಜೋಡಿಸಿಕೊಂಡು ಕೂತೇ ಇದ್ದಳು.

ಕೋವಿಲ್ಕಾ ತಟ್ಟೆ ಹಿಡಿದು ಬಂದು ಮೊದಲು ಗಿಡವನ್ನು ನೋಡಿದಳು, ಆಮೇಲೆ ಕತ್ತರಿಯನ್ನು, ಆಮೇಲೆ ಇವಳನ್ನು.

"ದೇವ್ರೇ! ಇನ್ನೆಷ್ಟು ಹೊತ್ತು ಕುದಿಸ್ಲಿ ನಾನು?" ಎಂದಳು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಕುಡಿ, ಕುಡಿ. ಡಾಂಬರಿನ ಹಾಗಾಗಿದೆ," ಎಂದಳು.

ಮನೆಗೆ ಬರಿಗೈಯಲ್ಲಿ ಬಂದಾಗ ಡುನ್ಯಾ ಮೇಜಿನ ಬಳಿ ಬರೆಯುತ್ತ ಕೂತಿದ್ದಳು. ಬಿಲ್ಯಾನಾ ತಾನಾಗಿಯೇ ಹೇಳಿದಳು: "ಕೋವಿಲ್ಕಾ ಮನೆಗೆ ಹೋಗಿದ್ದೆ. ಕಡ್ಡಿ ಕೇಳ್ದೆ. ಕೊಡಲ್ಲ ಅಂದ್ರು."

ಹುಡುಗಿ ಪೆನ್ನು ಕೆಳಗಿಟ್ಟಳು. "ಕೇಳಿದ್ರಾ? ಬಾಯಿಬಿಟ್ಟು?"

"ಹೂಂ. ಆಮೇಲೆ ಅವ್ರು ಅಡುಗೆಮನೆಗೆ ಹೋದ್ರು. ಕತ್ತರಿ ಅಲ್ಲೇ ಇತ್ತು. ನಂಗೆ ಕೈ ಬರ್ಲಿಲ್ಲ."

"ಕೂತೇ ಇದ್ರಾ?"

"ಕೂತೇ ಇದ್ದೆ."

ಡುನ್ಯಾಳ ಗಂಟಲಿನಿಂದ ಏನೋ ಸದ್ದು ಬಂತು. ನಗು ಎಂದು ತಿಳಿಯಲು ಬಿಲ್ಯಾನಾಗೆ ಒಂದು ಕ್ಷಣ ಬೇಕಾಯಿತು. "ಅವ್ರದೂ ಕದ್ದಿದ್ದೇ, ನಮ್ಮ ಗಿಡದಿಂದ! ಅಮ್ಮ ಬೇಕಂತ್ಲೇ ಸ್ನಾನಕ್ಕೆ ಹೋಗಿದ್ಲು, ತಲೆ ಸ್ನಾನ ಆಗಿ ಎಷ್ಟೊತ್ತಾದ್ರೂ ಹೊರಗೆ ಬರ್ಲಿಲ್ಲ."

"ಮತ್ತೆ ನಿಮ್ಮಮ್ಮಂಗೆ ಎಲ್ಲಿಂದ ಬಂತು?"

"ಹಲ್ಲಿನ ಡಾಕ್ಟ್ರ ಹತ್ರ. ಹಲ್ಲು ಕೀಳಿಸ್ಕೊಂಡು, ಬಾಯಿ ತುಂಬ ಹತ್ತಿ ಇಟ್ಕೊಂಡು, ಕಡ್ಡೀನ ಕೊಡೆ ಒಳಗೆ ಹಾಕ್ಕೊಂಡು ಓಡಿ ಬಂದ್ಲಂತೆ. ಹೊರಗೆ ಮಳೆ ಅಂತೆ, ಕೊಡೆ ಬಿಚ್ಚೋ ಹಾಗಿಲ್ಲ!"

ಬಿಲ್ಯಾನಾ ಇದುವರೆಗೆ ನೆವೆನ್ಕಾಳನ್ನು ನೋಡಿದ್ದು ಗೋಡೆಯ ಚೌಕಟ್ಟಿನಲ್ಲಿ, ಪಕ್ಕದ ಪಟದ ಸಂತ ನಿಕೋಲಾನಷ್ಟೇ ಗಂಭೀರ ಮುಖದಲ್ಲಿ. ಈಗ ಅವಳ ಕಣ್ಣ ಮುಂದೆ ಆ ಹೆಂಗಸು ಊದಿದ ಕೆನ್ನೆ ಹಿಡಿದುಕೊಂಡು, ಮಡಚಿದ ಕೊಡೆ ಅವಚಿಕೊಂಡು, ಮಳೆಯಲ್ಲಿ ತೋಯ್ದುಕೊಂಡು ಓಡುತ್ತಿದ್ದಳು. ಬಿಲ್ಯಾನಾಳೂ ನಕ್ಕಳು. ನಗಬಹುದೋ ಬಾರದೋ ಎಂಬ ಸಂಶಯ ನಕ್ಕ ಮೇಲೆ ಬಂತು.

"ಶನಿವಾರ ಹೋಗೋಣ," ಎಂದಳು ಡುನ್ಯಾ. "ನಾನೂ ಬರ್ತೀನಿ. ನಿಮ್ಮೊಬ್ರ ಕೈಲಿ ಆಗಲ್ಲ."

ಶನಿವಾರ ಬಿಲ್ಯಾನಾ ಅಂಗಡಿಯ ಹರಿತ ಕತ್ತರಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡಳು. ಬಾಗಿಲು ತೆರೆದ ಕೋವಿಲ್ಕಾ ಇಬ್ಬರನ್ನೂ ಒಟ್ಟಿಗೆ ನೋಡಿ ಹುಬ್ಬೇರಿಸಿದಳು. ಡುನ್ಯಾ ಒಳಗೆ ಕಾಲಿಟ್ಟವಳೇ, "ಕೋವಿಲ್ಕಾ ಆಂಟಿ, ನಿಮ್ಮ ಬಚ್ಚಲಲ್ಲಿ ನಲ್ಲಿ ಸೋರ್ತಾ ಇದ್ಯಲ್ಲ, ಕೇಳಿಸ್ತಿಲ್ವಾ?" ಎಂದಳು.

"ಅಯ್ಯೋ, ಹೌದಾ! ಮುಳುಗಿಹೋದೆ!" ಎಂದು ಕೋವಿಲ್ಕಾ ಎದೆಗೆ ಕೈಯಿಟ್ಟುಕೊಂಡು, ಸೋರದ ನಲ್ಲಿಯನ್ನು ನೋಡಲು ಓಡಿದಳು.

ಬಿಲ್ಯಾನಾ ಕತ್ತರಿ ತೆಗೆದು ಎಲೆಯೊಂದನ್ನು ಹಿಡಿದಳು.

"ಅದಲ್ಲ!" ಡುನ್ಯಾ ಪಿಸುಗುಟ್ಟಿದಳು. "ಬರೀ ಎಲೆ ತಗೊಂಡ್ರೆ ಹೂದಾನಿಗೆ ಆಗುತ್ತೆ ಅಷ್ಟೆ. ಗಂಟು ನೋಡು, ಗಂಟು! ಆ ಕಂದು ಬೇರು ನೇತಾಡ್ತಿದ್ಯಲ್ಲ, ಅದರ ಕೆಳಗೆ. ಬೇಗ! ಅಯ್ಯೋ, ಅಳತೆ ತಗೋತಿದ್ಯಾ? ಇದೇನು ಪ್ಯಾಂಟಾ?"

ಕತ್ತರಿ ಕಚ್ಚೆಂದಿತು. ಕಡ್ಡಿ ಕೋಟಿನೊಳಗೆ ಹೋಯಿತು, ಆದರೆ ಎಲೆ ಹಿಡಿಸಲಿಲ್ಲ. ಕಾಲರಿನಿಂದ ಹೊರಬಂದು ಬಿಲ್ಯಾನಾಳ ಗಲ್ಲಕ್ಕೆ ಬೀಸಣಿಗೆ ಹಿಡಿದಂತೆ ನಿಂತಿತು. ಕೋವಿಲ್ಕಾ ಕೈ ಒರೆಸಿಕೊಳ್ಳುತ್ತ ಬಂದಳು. ಎಲೆಯನ್ನು ನೋಡಿಯೂ ನೋಡದ ಹಾಗೆ, "ಹೊರಡ್ತೀರಾ? ಚಳಿ ಜಾಸ್ತಿ, ಕುತ್ತಿಗೆ ಮುಚ್ಕೋ," ಎಂದು ಗಂಭೀರವಾಗಿ ಬಾಗಿಲು ತೆರೆದಳು.

ಆಗ ಬಿಲ್ಯಾನಾ, ಹುಟ್ಟಿದಾಗಿನಿಂದ ಬಂದ ಅಭ್ಯಾಸದಲ್ಲಿ, ತುಂಬು ಮನಸ್ಸಿನಿಂದ ಹೇಳಿಬಿಟ್ಟಳು: "ತುಂಬ ಥ್ಯಾಂಕ್ಸ್, ಕೋವಿಲ್ಕಾ ಅವ್ರೇ."

ಡುನ್ಯಾಳ ಮುಖ ಬಿಳಿಚಿಕೊಂಡಿತು. ಗಿಡ ತಂದ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಗಿಡ ಒಣಗುತ್ತದೆ ಎಂದು ತೊಟ್ಟಿಲ ಕೂಸಿಗೂ ಗೊತ್ತು.

"ನುಂಗು!" ಎಂದು ಕೋವಿಲ್ಕಾ ಕಿರುಚಿದಳು. "ಆಡಿದ್ದನ್ನ ವಾಪಸ್ ನುಂಗು! ಅಯ್ಯೋ, ಇವಳಿಗೆ ಕದಿಯೋಕೂ ಬರಲ್ಲ, ಕದ್ದ ಮೇಲೆ ಓಡೋಕೂ ಬರಲ್ಲ!"

"ನಂಗೆ ಬಾಯಿ ತಪ್ಪಿ ಬಂತು," ಎಂದು ಬಿಲ್ಯಾನಾ ಅಳುಮೋರೆ ಮಾಡಿದಳು. "ಈಗೇನು ಮಾಡೋದು? ಸಾಯುತ್ತಾ? ಇದೂ ಸಾಯುತ್ತಾ?"

ಡುನ್ಯಾ ಅವಳನ್ನು ನೋಡಿದಳು. ಆಮೇಲೆ ಅವಳ ತೋಳು ಹಿಡಿದು ಒಳಗೆ ಎಳೆದಳು. "ಸಾಯಲ್ಲ. ವಾಪಸ್ ಇಡು. ಮೊದಲಿಂದ ಕದಿಯೋಣ."

ಕಡ್ಡಿಯನ್ನು ತೆಗೆದು ಕೋವಿಲ್ಕಾಳ ಕುಂಡದ ಮಣ್ಣಿಗೆ ಚುಚ್ಚಿದರು. ಮೂವರೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು. ಡುನ್ಯಾ ಬೆಲ್ಲು ಒತ್ತಿದಳು. ಹೊರಗೇ ನಿಂತಿದ್ದ ಕೋವಿಲ್ಕಾ ತಾನೇ ಬಾಗಿಲು ತೆರೆದು, "ಓಹೋ, ಯಾರಿದು! ಎಷ್ಟು ದಿನ ಆಯ್ತು!" ಎಂದು ಒಳಗೆ ಕರೆದಳು. ಆಮೇಲೆ, ಹಾಲು ಉಕ್ಕುತ್ತಿರಬೇಕು ಎನ್ನುತ್ತ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಹಾಲೂ ಇರಲಿಲ್ಲ, ಏನೂ ಇರಲಿಲ್ಲ. ಈ ಸಲ ಬಿಲ್ಯಾನಾ ತಡಮಾಡಲಿಲ್ಲ.

ಬಾಗಿಲಲ್ಲಿ ಕೋವಿಲ್ಕಾ ಅವಳನ್ನು ತಡೆದು ನಿಲ್ಲಿಸಿದಳು. "ಏನಾದ್ರೂ ಹೇಳೋದಿದ್ಯಾ?"

ಬಿಲ್ಯಾನಾ ತುಟಿ ಬಿಗಿಹಿಡಿದು ಇಲ್ಲವೆಂದು ತಲೆಯಾಡಿಸಿದಳು.

"ಭೇಷ್. ಹೋಗು ಇನ್ನು, ಕಳ್ಳಿ." ಆಮೇಲೆ ಬೇರೆಯೇ ದನಿಯಲ್ಲಿ, "ಆಗಾಗ ಬರ್ತಿರು. ಕಾಫಿ ಬೇಗ ಮಾಡ್ತೀನಿ," ಎಂದಳು.

ಕಡ್ಡಿ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ, ನೀರಿನಲ್ಲಿ, ಅಡುಗೆಮನೆಯ ಶೆಲ್ಫಿನ ಮೇಲೆ ಕೂತಿತು. ರೇಡಿಯೇಟರಿನ ಶಾಖ ತಾಗಬೇಕು, ಸುಡಬಾರದು. ಬೆಳಕು ಬರಬೇಕು, ಗಾಳಿ ಬೀಸಬಾರದು. ಆ ಜಾಗ ಹುಡುಕಲು ಇಬ್ಬರೂ ಒಂದಿಡೀ ಸಂಜೆ ಬಾಟಲಿ ಹಿಡಿದು ಮನೆ ತುಂಬ ಓಡಾಡಿದ್ದರು.

ಜನವರಿ ಕಳೆಯಿತು. ಬಿಲ್ಯಾನಾ ನಲ್ಲಿ ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಹಾಕುತ್ತಿದ್ದಳು. ಕಡ್ಡಿಯ ತುದಿ ಕಂದಾಗುತ್ತಿದೆ ಎನಿಸಿದಾಗ ಅವಳ ಜೀವ ಹಾರಿತು. ಕ್ರಿಮಿ ಸಾಯಲೆಂದು ಕತ್ತರಿಯನ್ನು ರಾಕಿಯಾ ಸಾರಾಯಿಯಲ್ಲಿ ಅದ್ದಿ ತುದಿಯನ್ನು ಚೂರು ಕತ್ತರಿಸಿದಳು. ತನಗೆಂದೇ ಎತ್ತಿಟ್ಟ ಪ್ಲಮ್ಮಿನ ರಾಕಿಯಾ ಹೀಗೆ ಖರ್ಚಾಗುವುದನ್ನು ಕಂಡು ರಾದೊವಾನ್ ನಿಟ್ಟುಸಿರುಬಿಟ್ಟ. "ಆ ಮೊದಲನೇ ಥ್ಯಾಂಕ್ಸ್ ಲೆಕ್ಕಕ್ಕೆ ಬಂದಿರುತ್ತೇನ್ರೀ?" ಎಂದು ಅವಳು ಅವನನ್ನು ಕೇಳಿದಳು. "ದೇವರಿಗೆ ಅಷ್ಟು ಪುರುಸೊತ್ತಿಲ್ಲ ಕಣೇ," ಎಂದ ಅವನು.

ಡುನ್ಯಾ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು, "ಏನಾದ್ರೂ?" ಎನ್ನುತ್ತಿದ್ದಳು. "ಏನೂ ಇಲ್ಲ," ಎನ್ನುತ್ತಿದ್ದಳು ಬಿಲ್ಯಾನಾ. ದಿನಾ ಅಷ್ಟೇ ಮಾತು. ಆದರೆ ಆ ಮಾತಿನ ಬಾಲ ಹಿಡಿದು ಬೇರೆ ಮಾತುಗಳೂ ಬರತೊಡಗಿದವು: ಗಣಿತದ ಮೇಷ್ಟ್ರು, ಗೆಳತಿಯ ಜೊತೆ ಆದ ಜಗಳ, ಅಮ್ಮ ಸೂಪಿಗೆ ಹಾಕುತ್ತಿದ್ದ ಸಣ್ಣ ಸೇವಿಗೆ. ಒಂದು ದಿನ ರಾದೊವಾನ್ ಹುರಿದ ವಾಸನೆ ಹೋಗಲಿ ಎಂದು ಅಡುಗೆಮನೆಯ ಕಿಟಕಿ ತೆರೆದ. "ಕಿಟಕಿ!" ಎಂದು ಇಬ್ಬರೂ ಒಟ್ಟಿಗೆ ಎಷ್ಟು ಜೋರಾಗಿ ಕಿರುಚಿದರೆಂದರೆ ಅವನ ಕೈಯಿಂದ ಜಾಲರಿ ಸೌಟು ಬಿದ್ದುಹೋಯಿತು.

ಫೆಬ್ರವರಿಯ ಕೊನೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಿಲ್ಯಾನಾ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಗಂಟಿನ ಪಕ್ಕದಲ್ಲಿ, ಒಣ ಕಂದು ಬೇರಿನ ಬುಡದಿಂದ, ಅಕ್ಕಿ ಕಾಳಿನಷ್ಟು ಬಿಳಿಯದೇನೋ ಹೊರಗೆ ಬಂದಿತ್ತು. ಉಸಿರು ಬಿಗಿಹಿಡಿದು ನೋಡಿದಳು. ಕಸವೇನೋ ಎಂದು ಬಾಟಲಿ ಅಲುಗಿಸಿದಳು. ಅದು ಅಲುಗಲಿಲ್ಲ.

ಕೂಗಿ ಹೇಳಬೇಕೆನಿಸಿತು. ಡುನ್ಯಾ ಆಗಲೇ ಶಾಲೆಗೆ ಹೋಗಿದ್ದಳು. ಸಂಜೆ ಹೇಳೋಣವೇ? ಬೇಡ. ಇದನ್ನು ಮೊದಲು ಕಾಣಬೇಕಾದವಳು ಅವಳು. ಬಿಲ್ಯಾನಾ ಬಾಟಲಿಯನ್ನು ಇದ್ದ ಹಾಗೆಯೇ, ಎಲೆ ಗೋಡೆಯ ಕಡೆ ಮಾಡಿ, ಇಟ್ಟು ಹೋದಳು. ಅವತ್ತು ಅಂಗಡಿಯಲ್ಲಿ ಒಂದು ಜಾಕೆಟ್ಟಿಗೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದಳು.

ಸಂಜೆ ಡುನ್ಯಾ ಬಂದಳು. "ಏನಾದ್ರೂ?"

"ನಾನು ನೋಡೇ ಇಲ್ಲ ಇವತ್ತು," ಎಂದಳು ಬಿಲ್ಯಾನಾ, ಈರುಳ್ಳಿ ಹೆಚ್ಚುತ್ತ. "ನೀನೇ ನೋಡು."

ಹುಡುಗಿ ಬಾಟಲಿಯ ಹತ್ತಿರ ಹೋದಳು. ನೋಡಿದಳು. "ನಂಗೆ ಸರಿಯಾಗಿ ಕಾಣ್ತಿಲ್ಲ. ನೀನು ಬಾ, ನೋಡು."

"ನಂಗೆ ಈರುಳ್ಳಿ, ಕಣ್ಣಲ್ಲಿ ನೀರು. ಸರಿಯಾಗಿ ನೋಡೇ."

"ನೀನು ನೋಡು ಅಂದ್ರೆ!"

ಬಿಲ್ಯಾನಾ ಕೈ ಒರೆಸಿಕೊಂಡು ಹೋಗಿ, ಬಾಟಲಿ ಎತ್ತಿ, ಬಾಯಿ ಅಗಲಿಸಿ, "ಅಯ್ಯೋ ದೇವ್ರೇ, ಬೇರು!" ಎಂದಳು. ಅವಳು ಜನ್ಮದಲ್ಲಿ ನಾಟಕ ಮಾಡಿದವಳಲ್ಲ.

ಡುನ್ಯಾ ಅವಳ ಮುಖ ನೋಡಿದಳು. "ನೀನು ಬೆಳಿಗ್ಗೇನೇ ನೋಡಿದೀಯ."

"ಇಲ್ಲಪ್ಪ."

"ನೋಡಿದೀಯ! ನಾನು ನಿನ್ನೆ ಸಾಯಂಕಾಲಾನೇ ನೋಡ್ದೆ. ನೀನೇ ಮೊದ್ಲು ನೋಡ್ಲಿ ಅಂತ ಸುಮ್ನಿದ್ದೆ. ನೀನು ಅಷ್ಟೊಂದು ನೀರು ಬದಲಾಯಿಸ್ದೆ ಅಂತ." ಅವಳ ಮೂಗಿನ ತುದಿ ಕೆಂಪಾಗಿತ್ತು. "ಇವತ್ತೆಲ್ಲ ಕ್ಲಾಸಲ್ಲಿ ಒಂದಕ್ಷರ ತಲೆಗೆ ಹೋಗ್ಲಿಲ್ಲ ನಂಗೆ."

"ನಂಗೆ ಜಿಪ್ಪು ಉಲ್ಟಾ ಆಯ್ತು," ಎಂದಳು ಬಿಲ್ಯಾನಾ.

ಇಬ್ಬರೂ ಬಾಟಲಿಯ ಎರಡು ಕಡೆಯಿಂದ ಬಗ್ಗಿ ಆ ಬಿಳಿ ಚೂರನ್ನು ನೋಡುತ್ತ ನಿಂತರು. ನೀರಿನಾಚೆ ಒಬ್ಬರ ಮುಖ ಒಬ್ಬರಿಗೆ ಅಗಲವಾಗಿ, ಸೊಟ್ಟಗೆ ಕಾಣುತ್ತಿತ್ತು.

ಹೊರಬಾಗಿಲಲ್ಲಿ ರಾದೊವಾನನ ಬೂಟಿನ ಸದ್ದಾಯಿತು.

"ಅಪ್ಪಂಗೆ ಹೇಳೋದಾ?" ಬಿಲ್ಯಾನಾ ಪಿಸುಗುಟ್ಟಿದಳು.

"ಬೇಡ. ಅವನೇ ನೋಡ್ಲಿ."

"ಅವರಾ? ಈಸ್ಟರ್ ಬಂದ್ರೂ ನೋಡಲ್ಲ."

ಡುನ್ಯಾ ಬಾಟಲಿಯನ್ನು ಎತ್ತಿ ತಂದು ಊಟದ ಮೇಜಿನ ನಡುವೆ, ಸರಿಯಾಗಿ ಅಪ್ಪನ ತಟ್ಟೆಯ ಎದುರಿಗೆ, ಬೇರು ಅವನ ಕಡೆ ಕಾಣುವಂತೆ ತಿರುಗಿಸಿ ಇಟ್ಟಳು. ಬಿಲ್ಯಾನಾ ಸೂಪು ಬಡಿಸಿದಳು. ಇಬ್ಬರೂ ಚಮಚ ಹಿಡಿದು, ತುಟಿ ಕಚ್ಚಿಕೊಂಡು, ಕಾದರು. ರಾದೊವಾನ್ ಕೈ ಒರೆಸಿಕೊಂಡು ಬಂದು ಕೂತ. ಬಾಟಲಿಯನ್ನು ಮೆಲ್ಲಗೆ ಬದಿಗೆ ಸರಿಸಿದ. ಆಮೇಲೆ, "ಉಪ್ಪು ಎಲ್ಲಿದೆ?" ಎಂದು ಕೇಳಿದ.